ಸಾಹೇಬರ ಕಾಲು

ತುರ್ತು ಕರೆ ಕೇಂದ್ರದ ದಾಕ್ಷಾಯಣಿಗೆ ಜನರ ಚೀರಾಟ ಕೇಳಿ ಕೇಳಿ ಕೈನಡುಕ ಹತ್ತಿತ್ತು. ಕರೆ ತೆಗೆದುಕೊಳ್ಳುವವರಿಗೂ ಅಂಗವೈಕಲ್ಯ ಪರಿಹಾರ ಉಂಟೆಂದು ಹೊಸ ನಿಯಮ ಬಂದದ್ದೇ ತಡ, ಅರ್ಜಿ ಹಾಕಿದಳು. ವಿಚಾರಣೆಗೆ ಬಂದ ಸಾಹೇಬರು ಅವಳ ಕುರ್ಚಿಯಲ್ಲೇ ಕೂತು ನಕ್ಕರು.

"ಅಪಾಯ ಇರೋದು ಅಲ್ಲಿ, ಕರೆ ಮಾಡೋರ ಹತ್ರ. ನೀನು ಇಲ್ಲಿ ಫ್ಯಾನ್ ಕೆಳಗೆ ಕೂತಿರ್ತೀಯಲ್ಲಮ್ಮ! ಬರೀ ಕೇಳಿದ್ದಕ್ಕೆ ಕಾಯಿಲೆ ಬರುತ್ತಾ?"

"ನಿಜ ಸಾರ್," ಎಂದು ದಾಕ್ಷಾಯಣಿ ಹೊಸಬರ ತರಬೇತಿಗೆಂದು ಇಟ್ಟಿದ್ದ ಹಳೆಯ ಕರೆಯೊಂದರ ರೆಕಾರ್ಡಿಂಗ್ ಹಾಕಿ, ಹೆಡ್‌ಫೋನನ್ನು ಅವರ ಕಿವಿಗಿಟ್ಟಳು.

"ಮೇಡಂ, ಮಂಚದ ಕೆಳಗೆ ನಾಗರಹಾವು! ಅಯ್ಯೋ, ಬುಸುಗುಡ್ತಿದೆ! ಕಾಲ ಹತ್ರಾನೇ ಬಂತು!"

ಸಾಹೇಬರು ಎರಡೂ ಕಾಲೆತ್ತಿ ಕುರ್ಚಿಯ ಮೇಲೆ ಮಡಚಿಕೊಂಡರು.

"ಹಾವು ಇದ್ದದ್ದು ಅವರ ಮನೇಲಿ ಸಾರ್, ಅದೂ ಹೋದ ವರ್ಷ," ಎಂದಳು ದಾಕ್ಷಾಯಣಿ. "ಕಾಲು ಕೆಳಗಿಡಿ."

ಸಾಹೇಬರು ಮೇಜಿನಡಿ ಒಮ್ಮೆ ಬಗ್ಗಿ ನೋಡಿದರು. ಪರಿಹಾರ ಮಂಜೂರು ಮಾಡಿ ಸಹಿ ಹಾಕಿದರು. ಕಾಲು ಮಾತ್ರ ಕೆಳಗಿಡಲಿಲ್ಲ.