ನವಣೆ ಬಯಲಿನಲ್ಲಿ ಗುಡಾಣಪ್ಪನ ಅರಮನೆ

ಮಕ್ಕಳೇ, ಕಾಡಿನ ಅಂಚಿಗೆ ಒಂದು ಹಳ್ಳ ಹರಿಯುತ್ತಿತ್ತು. ಹಳ್ಳದ ಈಚೆ ದಂಡೆಯಲ್ಲಿ ಒಂದು ಕಲ್ಲುಗುಡ್ಡ, ಗುಡ್ಡದ ಬುಡಕ್ಕೆ ಒಂದು ಸಣ್ಣ ಬಯಲು. ಬಯಲಿನಲ್ಲಿ ಒಂದು ಮೊಳ ಆಳಕ್ಕೆ ಕಪ್ಪು ಮಣ್ಣು, ಅದರ ತುಂಬ ತಾನಾಗಿಯೇ ಬೆಳೆಯುವ ಕಾಡುನವಣೆ. ಗುಡ್ಡದ ಬಿರುಕುಗಳಲ್ಲಿ ನೂರಾರು ಇಲಿಗಳು ವಾಸವಾಗಿದ್ದವು. ಮಲಗುವುದು ಗುಡ್ಡದಲ್ಲಿ, ಉಣ್ಣುವುದು ಬಯಲಿನಲ್ಲಿ. ಹೊಟ್ಟೆಗೆ ಯಾವ ಕೊರತೆಯೂ ಇರಲಿಲ್ಲ.

ಆ ಇಲಿಗಳಿಗೆ ಗುಡಾಣಪ್ಪ ಎಂಬ ಹೆಗ್ಗಣ ಮುಖಂಡ. ಹೊಟ್ಟೆ ಗುಡಾಣದಂತಿತ್ತು, ಅದಕ್ಕೇ ಆ ಹೆಸರು. ತಲೆಯೂ ಹಾಗೇ ಇತ್ತು. ದೊಡ್ಡದು, ಒಳಗೆ ಖಾಲಿ.

ಒಂದು ದಿನ ಗುಡಾಣಪ್ಪ ಬಯಲಿನಲ್ಲಿ ನಾಲ್ಕು ಸಲ ಕೆರೆದು ನೋಡಿದ. ಬೆಣ್ಣೆಯಲ್ಲಿ ಉಗುರಾಡಿಸಿದ ಹಾಗಾಯಿತು. ಕೂಡಲೇ ಸಭೆ ಕರೆದ. ಕಲ್ಲಿನ ಬಿರುಕಿನಲ್ಲಿ ಮುದುರಿಕೊಂಡು ಬದುಕುವುದು ನಾಚಿಕೆಗೇಡು, ಬಯಲಿಗೆ ಇಳಿದರೆ ಒಬ್ಬೊಬ್ಬರಿಗೂ ಮೂರು ಕೋಣೆಯ ಬಿಲ ಎಂದು ಭಾಷಣ ಬಿಗಿದ. ಇಲಿಗಳು ಬಾಲ ಎತ್ತಿ ಕುಣಿದವು.

ನವಣಜ್ಜಿ ಮಾತ್ರ ಕುಣಿಯಲಿಲ್ಲ. ಅವಳು ಎಲ್ಲರಿಗಿಂತ ಹಿರಿಯ ಇಲಿ. ಅವಳ ಸೊಸೆ ಬಸುರಿ. ಬಯಲು ಹಾಳಾದರೆ ಹುಟ್ಟುವ ಮರಿಗಳು ಏನು ತಿಂದಾವು ಎಂಬುದೇ ಅವಳ ಚಿಂತೆ.

“ಗುಡಾಣಪ್ಪ, ತೋಡುವುದಾದರೆ ಗುಡ್ಡದಲ್ಲೇ ತೋಡು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ, ಜಾಗ ಬೇಕಾದಷ್ಟಿದೆ,” ಎಂದಳು.

“ಗುಡ್ಡದಲ್ಲಿ ಉಗುರು ಸವೆಯುತ್ತದೆ ಅಜ್ಜಿ. ಈ ಮಣ್ಣು ನೋಡು, ಎಷ್ಟು ಮೆತ್ತಗಿದೆ.”

“ಮೆತ್ತಗಿರುವುದಕ್ಕೇ ಅಲ್ಲಿ ನವಣೆ ಬೆಳೆಯುತ್ತದೆ ಕಣೋ.”

ಗುಡಾಣಪ್ಪ ಹೊಟ್ಟೆ ಕುಣಿಸಿ ನಕ್ಕ. ಇಷ್ಟು ದೊಡ್ಡ ಬಯಲಿಗೆ ತನ್ನದೊಂದು ಬಿಲ ಭಾರವೇ ಎಂದ. ಪ್ರತಿಯೊಂದು ಇಲಿಯೂ ಅದನ್ನೇ ಹೇಳಿತು. ‘ನನ್ನದೊಂದೇ ಬಿಲ’ ಎಂದವರೇ ನೂರಾರು! ಲೆಕ್ಕ ಬಾರದ ದಡ್ಡರಿಗೆ ಏನೆನ್ನೋಣ?

ತೋಡಿದವು, ತೋಡಿದವು. ಒಬ್ಬ ಮೂರು ಕೋಣೆ ಮಾಡಿದರೆ ಪಕ್ಕದವನಿಗೆ ಐದು ಬೇಕು. ಗುಡಾಣಪ್ಪನದಂತೂ ಹದಿನಾಲ್ಕು ಬಾಗಿಲಿನ ಅರಮನೆ. ಮಲಗುವುದು ಮಾತ್ರ ಒಂದೇ ಮೂಲೆಯಲ್ಲಿ. ಅಡಿಯಲ್ಲಿದ್ದ ಸುಣ್ಣಕಲ್ಲೆಲ್ಲ ಮೇಲೆ ಬಂತು, ಕಪ್ಪು ಮಣ್ಣು ಅದರ ಕೆಳಗೆ ಹೂತುಹೋಯಿತು. ನವಣಜ್ಜಿ ಹಳ್ಳದ ಪಕ್ಕದ ಒಂದು ತುಂಡನ್ನಾದರೂ ಬಿಟ್ಟುಬಿಡಿ ಎಂದು ಅಂಗಲಾಚಿದಳು. ಅಲ್ಲಿ ಗುಡಾಣಪ್ಪ ತನ್ನ ಭಾವಮೈದುನನಿಗೆ ಬಿಲ ತೋಡಿಸಿಕೊಟ್ಟ. ಥೂ, ಹೆಗ್ಗಣಕ್ಕೆ ನಾಚಿಕೆಯೆಲ್ಲಿಯದು?

ಸುಗ್ಗಿ ಬಂತು, ನವಣೆ ಬರಲಿಲ್ಲ. ಅಜ್ಜಿಯ ಸೊಸೆ ಐದು ಮರಿ ಹಾಕಿದಳು. ತಾಯಿಯ ಹೊಟ್ಟೆಗೇ ಇಲ್ಲದೆ ಎದೆಹಾಲು ಬತ್ತಿತು.

ಆಗ ಇಲಿಗಳಿಗೆ ಜ್ಞಾನೋದಯವಾಯಿತು. ಗಡಬಡಿಸಿ ಬಿಲಗಳನ್ನು ಮುಚ್ಚಿದವು, ಉಳಿದಿದ್ದ ಹಿಡಿ ಬೀಜವನ್ನು ಉದುರಿಸಿ ಕಾದವು. ಸುಣ್ಣಕಲ್ಲಿನ ಮೇಲೆ ಒಂದು ಮೊಳಕೆಯೂ ಏಳಲಿಲ್ಲ. ಗುಡಾಣಪ್ಪ ಮಾತ್ರ ತನ್ನ ಅರಮನೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

“ಅಜ್ಜಿ, ಆ ಮಣ್ಣು ಮತ್ತೆ ಯಾವಾಗ ಬರುತ್ತದೆ?” ಎಂದು ಕೇಳಿದ.

“ನನ್ನಜ್ಜಿಯ ಅಜ್ಜಿ ಹುಟ್ಟುವ ಮೊದಲಿನಿಂದ ಹಳ್ಳ ಅದನ್ನು ಹಿಡಿಹಿಡಿಯಾಗಿ ತಂದು ಹಾಕಿತ್ತು. ನೀನು ಒಂದು ತಿಂಗಳಲ್ಲಿ ಮುಗಿಸಿದೆ. ನಿನ್ನ ಉಗುರು ಸವೆದಿಲ್ಲವಲ್ಲ, ಅದನ್ನೇ ಕಚ್ಚಿಕೊಂಡು ಕೂತಿರು.”

ಆಚೆ ದಂಡೆಯಲ್ಲಾದರೂ ಕಾಳು ಸಿಕ್ಕೀತೆಂದು ಅಜ್ಜಿಯೂ ಸೊಸೆಯೂ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹಳ್ಳ ದಾಟಲು ಹೊರಟರು. ಉಳಿದ ಇಲಿಗಳೂ ತಲೆ ತಗ್ಗಿಸಿ ಹಿಂದೆ ನಡೆದವು. ದಾರಿಯಲ್ಲಿ ಗಿಡುಗ ಎರಗಿ ಎರಡು ಮರಿಗಳನ್ನು ಒಯ್ದಿತು. ಅಜ್ಜಿ ಅಳುತ್ತಲೇ ಉಳಿದ ಮೂರನ್ನು ಆಚೆ ದಂಡೆ ಸೇರಿಸಿದಳು.

ಗುಡಾಣಪ್ಪ ಹೋಗಲಿಲ್ಲ. ಇಂಥ ಅರಮನೆ ಬಿಟ್ಟು ಯಾರಾದರೂ ಹೋಗುತ್ತಾರೆಯೇ ಎಂದು ಖಾಲಿ ಹೊಟ್ಟೆ ನೀವಿಕೊಂಡು ಮಲಗಿದ.

ಮಾರನೆಯ ದಿನ ಒಂದು ಕೇರೆಹಾವು ಒಳಗೆ ಬಂತು. ತೋಡುವ ಕಷ್ಟವೇ ಇಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದು ಹೊಸತೇ? ಕೋಣೆ ಕೋಣೆಯನ್ನೂ ಸುತ್ತಿ ನೋಡಿತು. ಕೊನೆಗೆ ಮೂಲೆಯಲ್ಲಿ ಮುದುರಿ ಕುಳಿತಿದ್ದ ಗುಡಾಣಪ್ಪನನ್ನು ಕಂಡು ಹೇಳಿತು:

“ಮನೆ ಚೆನ್ನಾಗಿದೆ. ಊಟವೂ ಒಳಗೇ ಇದೆ.”

ನೀತಿ: ಮನೆಗೆ ಕಲ್ಲುನೆಲವೂ ಸಾಕು, ಅನ್ನಕ್ಕೆ ಒಳ್ಳೆಯ ಮಣ್ಣೇ ಬೇಕು, ಸುಲಭವೆಂದು ಅನ್ನದ ನೆಲ ಅಗೆದವನಿಗೆ ಮನೆಯೂ ಇಲ್ಲ, ಅನ್ನವೂ ಇಲ್ಲ.