ಅಡುಗೆಮನೆಗೆ ಉರುಳಿದ ಫೋಮ್ ರೋಲರ್

ಬಿಗಿದ ಕಾಲನ್ನು ಉರುಳಿಸಿ ಸಡಿಲಿಸುವ ದಿಂಡು, ವಾರಿಜಮ್ಮನ ಮನೆಯ ಫೋಮ್ ರೋಲರಿಗೆ ಜಂಬವೋ ಜಂಬ. ಅವರ ಮೀನಖಂಡ ಅದರ ಮೇಲೆ ಹತ್ತು ಸಲ ಉರುಳಿದ್ದೇ ತಡ, ಕುಕ್ಕರಗಾಲಲ್ಲಿ ಕೂತಾಗ ಸದಾ ಮೇಲೇಳುತ್ತಿದ್ದ ಹಿಮ್ಮಡಿ ನೆಲಕ್ಕೆ ಅಂಟಿತ್ತು.

"ಬಿಟ್ಟರೆ ಆನೆಯ ಕಾಲನ್ನೂ ಬಳುಕಿಸಿಯೇನು!" ಎಂದಿತು ರೋಲರ್.

ವಾರಿಜಮ್ಮ ಎರಡು ಧಾರಾವಾಹಿ ನೋಡಿ ಮುಗಿಸಿ, ಕುಂಬಳಕಾಯಿ ಹೆಚ್ಚಲು ಈಳಿಗೆಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಹಿಮ್ಮಡಿ ಮೇಲೆದ್ದಿತು, ಅವರು ಹಿಂದಕ್ಕೆ ಮಗುಚಿಕೊಂಡರು.

"ನಾಳೆಯೂ ಹೀಗಾದರೆ ಈ ರೋಲರನ್ನು ಅಟ್ಟಕ್ಕೆ ಎಸೀತೀನಿ!"

ರೋಲರ್ ಬೆವರಿತು. ಲಟ್ಟಣಿಗೆ ನಕ್ಕಿತು: "ತಮ್ಮಾ, ಲಟ್ಟಿಸಿದ ಕೂಡಲೇ ಹಂಚಿಗೆ ಹಾಕದಿದ್ದರೆ ನನ್ನ ಚಪಾತಿಯೂ ಮುದುಡಿಕೊಳ್ಳುತ್ತೆ."

ಮರುದಿನ ರೋಲರ್ ತಾನೇ ಉರುಳಿಕೊಂಡು ಹೋಗಿ ಈಳಿಗೆಮಣೆಯ ಪಕ್ಕದಲ್ಲಿ ಮಲಗಿತ್ತು. ವಾರಿಜಮ್ಮ ಅಲ್ಲೇ ಕಾಲು ಉರುಳಿಸಿ, ಅಲ್ಲೇ ಕೂತು, ಅಲುಗಾಡದೆ ಇಡೀ ಕುಂಬಳಕಾಯಿ ಹೆಚ್ಚಿ ಎದ್ದರು.

ಸಂಜೆ ರೋಲರ್ ಮೆಲ್ಲಗೆ ಹೇಳಿತು: "ಲಟ್ಟಣಿಗೆಯಕ್ಕಾ, ಇವತ್ತಿನ ಕುಂಬಳಕಾಯಿ ಹೆಚ್ಚಿದವನು ನಾನೇ, ಗೊತ್ತಾಯ್ತಾ?"