ಗೊರವ ಹಕ್ಕಿ ಅಲೆಯ ಅಂಚಿಗೆ ಹೋದದ್ದು

“ಮರಿಯ ಪಕ್ಕ ನಿಂತದ್ದು ಯಾರು, ಒಂಚೂರು ನೋಡಿ.”

ಗೊರವ ಹಕ್ಕಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು. ಉಬ್ಬರ ಇಳಿದು ಹಕ್ಕಿಗಳೆಲ್ಲ ಎದ್ದಾಗ ಅವಳ ಜಾಗ ಖಾಲಿ. ಅವಳ ಗರಿಗಳು ಬಿದ್ದಿದ್ದವು.

ಆಗಿನ್ನೂ ಲೋಕ ಹಸಿಹಸಿ. ಕಡಲಿಗೆ ಉಪ್ಪು ಬಿದ್ದು ಹೆಚ್ಚು ದಿನ ಆಗಿರಲಿಲ್ಲ. ಹೊಳೆ ಕಡಲು ಸೇರುವಲ್ಲಿ ಗೊರವಗಳು ಇದ್ದವು. ಎಲ್ಲ ಬೂದು. ಎಲ್ಲ ಒಂದೇ ಅಳತೆ. ಕೊಕ್ಕು ಮಾತ್ರ ಬೇರೆ ಬೇರೆ. ಒಬ್ಬರಿಗೆ ಸಿಕ್ಕಿದ್ದನ್ನು ಎಲ್ಲರೂ ಹಂಚಿ ತಿನ್ನುವುದು ಅವರ ಪದ್ಧತಿ.

ಉಬ್ಬರ ಬಂದರೆ ಎಲ್ಲ ಒಂದೇ ದಿಬ್ಬದ ಮೇಲೆ. ಒಂಟಿಕಾಲು. ಕೊಕ್ಕು ರೆಕ್ಕೆಯೊಳಗೆ. ಹಾಗೆ ನಿಂತವರಲ್ಲಿ ಒಬ್ಬ ಗಿಡುಗ. ಅವನೂ ಆಗ ಬೂದು. ಅವನೂ ಅಷ್ಟೇ ಅಳತೆ. ಯಾರೆಂದು ತಿಳಿಯದು.

ಮತ್ತೆ ಉಬ್ಬರ ಬಂತು.

“ಅಪ್ಪಾ, ನನ್ನ ಪಕ್ಕ ಯಾರು?” ಮರಿ ಕೇಳಿತು.

“ಮಾತಾಡಬೇಡ ಮಗಾ.”

ಗೊರವ ಗಾಳಿಗೆ ಹೇಳಿದ, “ಒಂದೊಂದೇ ರೆಕ್ಕೆ ಎತ್ತಿ ನೋಡು.”

“ನಾನೊಲ್ಲೆ. ನನಗೂ ಹೆದರಿಕೆ,” ಎಂದಿತು ಗಾಳಿ.

ಹೊಳೆ ಗಾಳಿಯನ್ನು ನೋಡಿ ನಕ್ಕಿತು. “ಊರೆಲ್ಲ ಬೊಬ್ಬೆ ಹೊಡೆಯುವವನು ನೀನು!” ಆಮೇಲೆ ಗೊರವನಿಗೆ ಮೆಲ್ಲಗೆ, “ರೆಕ್ಕೆ ನೋಡಬೇಡ ಮಾರಾಯ. ಹೊಟ್ಟೆಗೆ ಹುಡುಕಲು ಯಾರು ಎಲ್ಲಿಗೆ ಹೋಗ್ತಾರೆ, ಅದು ನೋಡು.”

ನೀರು ಇಳಿಯತೊಡಗಿತು. ಗೊರವ ಕೂಗಿದ, “ಇವತ್ತು ಹಂಚಿ ತಿನ್ನುವುದು ಬೇಡ. ಅವರವರ ಕೊಕ್ಕಿಗೆ ಒಗ್ಗುವ ಜಾಗಕ್ಕೆ ಅವರವರೇ ಹೋಗಿ.”

“ಹೆಂಡತಿ ಹೋದದ್ದೇ ಜಿಪುಣ ಆದ್ಯಲ್ಲೋ!” ಉದ್ದ ಕೊಕ್ಕಿನವನು ಬೈದ. ಬೈಯುತ್ತಲೇ ಕೆಸರಿಗೆ ಇಳಿದ. ದಪ್ಪ ಕೊಕ್ಕಿನವನು ಕಲ್ಲಿಗೆ ಹಾರಿದ. ದಿಬ್ಬ ಬರಿದಾಯಿತು.

ಮರಿ ನಿಂತೇ ಇತ್ತು. ಅಪ್ಪನನ್ನೇ ನೋಡುತ್ತಿತ್ತು. ಅದರ ಪಕ್ಕದವನೂ ನಿಂತೇ ಇದ್ದ. ಕೆಸರು ನೋಡಿದ, ಕಲ್ಲು ನೋಡಿದ. ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.

ರೆಕ್ಕೆಯಿಂದ ಕೊಕ್ಕು ಹೊರಗೆ ಬಂತು. ಬಾಗಿದ ಕೊಕ್ಕು.

“ಓಡು ಮಗಾ! ಮರಳಿಗೆ!”

ಮರಿ ಓಡಿತು. ಗಿಡುಗ ಎರಗಿದ. ಉಗುರಿಗೆ ಸಿಕ್ಕಿದ್ದು ಬಾಲದ ಒಂದು ಗರಿ. ಹಕ್ಕಿಗಳೆಲ್ಲ ಕಿರುಚಿ ಮೇಲೆದ್ದವು. ಅಷ್ಟು ಜನ ಒಟ್ಟಿಗೆ ಮೈಮೇಲೆ ಬಂದಾಗ ಗಿಡುಗ ಬೆಟ್ಟದ ಕಡೆ ಹೋದ.

ಆವತ್ತಿನಿಂದ ಗೊರವಗಳು ಅವರವರ ಜಾಗ ಬಿಡಲಿಲ್ಲ. ಕತೆ ಕೇಳ್ತಿರುವ ಮಗಾ, ಈಗಲೂ ದೂರಕ್ಕೆ ಎಲ್ಲ ಒಂದೇ ಥರ ಕಂಡಾವು. ಮೊದಲು ಅವು ನಿಂತ ಜಾಗ ನೋಡು. ಕೆಸರಿನಲ್ಲಿ ಒಂದು ಜಾತಿ, ಕಲ್ಲಿನ ಮೇಲೆ ಇನ್ನೊಂದು.

ಗಿಡುಗ ಹೋದ ಮರುದಿನ ಬೆಳಿಗ್ಗೆ ಗೊರವ ಮರಿಯನ್ನು ಬರಿಮರಳಿಗೆ ಕರೆದುಕೊಂಡು ಹೋಗಿ, ಇಳಿಯುವ ಅಲೆಯ ಹಿಂದೆ ಓಡುವುದನ್ನು ಕಲಿಸಿದ. ಅಗೋ, ಅಲ್ಲಿ ಅಲೆಯ ಹಿಂದೆ ಓಡುತ್ತಿವೆಯಲ್ಲ, ಅವು ಅವನ ಕುಲದವು.